ಬೇಯಿಸಿದ ಕಲ್ಲು

ಪತ್ತಿಕೊಂಡ
12 ಜೂನ್ 2024

ಅಕ್ಕ,

ಫೋನ್ ಮಾಡಬೇಡ, ಮೆಸೇಜೂ ಹಾಕಬೇಡ. ನನ್ನ ಫೋನ್ ಈಗ ಊರಿನ ಆಸ್ತಿಯಾಗಿದೆ, ರಿಂಗಾದರೆ ಸಾಕು, ಅಂಗಡಿ ಮುಂದೆ ಕೂತವರೆಲ್ಲ ಕಿವಿ ಇತ್ತ ತಿರುಗಿಸುತ್ತಾರೆ. ನಮ್ಮ ಮೋಟರ್ ವೈಂಡಿಂಗ್ ಅಂಗಡಿಗೆ ಆದೋನಿಯಿಂದ ತಂತಿ ತರುವ ಟೆಂಪೊ ಮಾರೆಣ್ಣನ ಕೈಯಲ್ಲಿ ಈ ಪತ್ರ ಕೊಟ್ಟಿದ್ದೇನೆ. ಉತ್ತರವನ್ನೂ ಅವನಿಗೇ ಕೊಡು. ಅವನಿಗೆ ಓದಲು ಬರುವುದಿಲ್ಲ, ಅದೊಂದು ಸಮಾಧಾನ.

ನೀನು ನಮ್ಮ ಮನೆಯಾಕೆ ಅಶ್ವಿನಿಯ ಪದಕಕ್ಕೆಂದು ಪಾಲಿಮರ್ ಕ್ಲೇಯಲ್ಲಿ, ಆ ಬೇಯಿಸುವ ಪ್ಲಾಸ್ಟಿಕ್ ಮಣ್ಣಿನಲ್ಲಿ, ಮಾಡಿ ಕಳಿಸಿದ್ದೆಯಲ್ಲ, ಆ ಕಲ್ಲನ್ನು ಮೊದಲ ಮಳೆ ಬಿದ್ದ ಮರುದಿನ ಹಸಿ ಮಣ್ಣಿನ ಮೇಲಿಟ್ಟು ಫೋಟೋ ತೆಗೆದೆ. ಮೇಲೆ ಎರಡು ಹನಿ ನೀರು ಚಿಮುಕಿಸಿದ್ದೆ. ಎಷ್ಟು ಚೆನ್ನಾಗಿ ಬಂತೆಂದರೆ, ನಿನಗೆ ನಾಲ್ಕು ಗಿರಾಕಿ ಸಿಗಲಿ ಎಂದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಕೆಳಗೆ "ಹೇಗಿದೆ?" ಎಂದಷ್ಟೇ ಬರೆದೆ. ನಿನ್ನ ಹೆಸರು ಬರೆಯಬೇಕಿತ್ತು.

ಮೊದಲ ಮಳೆಗೆ ನಮ್ಮ ಕಡೆ ಹೊಲಗಳಲ್ಲಿ ಬೀಜಕ್ಕಿಂತ ಮೊದಲು ಜನ ಬೀಳುತ್ತಾರೆ. ಮಳೆ ತೊಳೆದ ನೆಲದಲ್ಲಿ ವಜ್ರ ಸಿಗುತ್ತದೆಂದು ಎಲ್ಲೆಲ್ಲಿಂದಲೋ ಬಂದು, ಬುತ್ತಿ ಕಟ್ಟಿಕೊಂಡು, ಬೆನ್ನು ಬಗ್ಗಿಸಿ ಹುಡುಕುತ್ತಾರೆ. ಅಂಥ ಹೊತ್ತಿನಲ್ಲಿ ನನ್ನ ಫೋಟೋ ಫೋನಿನಿಂದ ಫೋನಿಗೆ ಹಾರಿತು.

"ಎಲ್ಲಿ ಸಿಕ್ತಲೇ?" ಎಂದರು. "ಸಿಕ್ಕಿಲ್ಲ ಮಾರಾಯ, ನಮ್ಮಕ್ಕ ಓವನ್ನಾಗ ಬೇಯಿಸಿದ್ದು" ಎಂದೆ. ಎಲ್ಲರೂ ನಕ್ಕರು. "ಗಾಜು ಅಂದವರನ್ನ ನೋಡೀವಿ, ಸ್ಫಟಿಕ ಅಂದವರನ್ನ ನೋಡೀವಿ. ಬೇಯಿಸಿದ್ದು ಅಂದಾವ ನೀನ ಮೊದಲನೇದಾಂವ!"

ನಿನಗೂ ಗೊತ್ತಲ್ಲ, ಇಲ್ಲಿ ಸಿಕ್ಕವರು ಯಾರೂ ಸಿಕ್ಕಿದೆ ಎಂದು ಬಾಯಿ ಬಿಡುವುದಿಲ್ಲ. ಇಲ್ಲ ಎನ್ನುವುದೇ ಇಲ್ಲಿನ ಪದ್ಧತಿ. ಹಾಗಾಗಿ ನಾನು ಇಲ್ಲ ಎಂದಷ್ಟೂ ಅವರಿಗೆ ನಂಬಿಕೆ ಬಲವಾಗುತ್ತಿದೆ. ಏನು ಮಾಡಲಿ, ಬೇಗ ಹೇಳು.

ವಾಗೀಶ್

---

ಆದೋನಿ
14 ಜೂನ್ 2024

ತಮ್ಮಾ ವಾಗೀಶ,

ನಿನ್ನ ಪತ್ರ ಓದಿ ನಕ್ಕೆ. ಬೈಯಬೇಡ, ಪೂರ್ತಿ ಕೇಳು.

ಇಷ್ಟು ವರ್ಷ ಈ ಆದೋನಿಯ ಫ್ಯಾನ್ಸಿ ಅಂಗಡಿಯವರ ಮುಂದೆ ನನ್ನ ಕ್ಲೇ ಹವಳ, ಪಚ್ಚೆಗಳ ಪೆಟ್ಟಿಗೆ ಬಿಚ್ಚಿದಾಗಲೆಲ್ಲ ಕೇಳಿದ್ದು ಒಂದೇ ಮಾತು: "ಶೋಭಮ್ಮ, ಪ್ಲಾಸ್ಟಿಕ್ ಅಂತ ರೋಡಿನಿಂದನ ಕಾಣಸ್ತೈತಿ." ಅವರ ಅಂಗಡಿಯಲ್ಲಿರುವುದೆಲ್ಲ ಪ್ಲಾಸ್ಟಿಕ್ಕೇ, ಆ ಮಾತು ಬೇರೆ. ಈಗ ಹುಟ್ಟಿದಂದಿನಿಂದ ವಜ್ರ ಹುಡುಕಿದ ಕಣ್ಣುಗಳೇ ನನ್ನ ಕ್ಲೇಯನ್ನು ಕಲ್ಲು ಎಂದಿವೆ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವ ಆಫೀಸು ಕೊಡುತ್ತದೆ? ಆ ಫೋಟೋವನ್ನು ನನ್ನ ಪೇಜಿನಲ್ಲೂ ಹಾಕಿದ್ದೇನೆ. ಇಂಥದ್ದೇ ಬೇಕೆಂದು ಬೆಳಗಿನಿಂದ ಕೇಳುತ್ತಿದ್ದಾರೆ. ಆ ಕಲ್ಲು ಓವನ್ನಿನಿಂದ ತೆಗೆದು ತಣ್ಣೀರಿಗೆ ಹಾಕುವಾಗ ನೋಡಿದರೆ ಒಂದು ಅಂಚು ಕಮರಿತ್ತು, ಒಳಗೊಂದು ಬಿಳಿ ಎಳೆ ಬಿದ್ದಿತ್ತು. ಕೆಟ್ಟಿತು ಎಂದುಕೊಂಡಿದ್ದೆ. ಆ ಕೇಡೇ ಅದಕ್ಕೆ ಜೀವ ಕೊಟ್ಟಿದೆ ನೋಡು.

ನಿನ್ನ ಭಯಕ್ಕೆ ಮದ್ದು ಸುಲಭ. ನಾಲ್ಕು ಜನ ಇರುವಾಗ ಒಂದು ಸೂಜಿಯನ್ನು ಒಲೆಯಲ್ಲಿ ಕಾಯಿಸಿ ಕಲ್ಲಿಗೆ ಚುಚ್ಚು. ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನ ಹಿಡಿ ಸುಟ್ಟ ವಾಸನೆ ಬರುತ್ತದೆ. ವಜ್ರಕ್ಕೆ ಆ ವಾಸನೆ ಇರುವುದಿಲ್ಲ ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ.

ಅಶ್ವಿನಿಗೆ ಹೇಳು, ಪದಕಕ್ಕೆ ಬೇರೆ ಕಲ್ಲು ಮಾಡಿಕೊಡುತ್ತೇನೆ.

ನಿನ್ನ ಅಕ್ಕ
ಶೋಭಾರಾಣಿ

---

ಪತ್ತಿಕೊಂಡ
19 ಜೂನ್ 2024

ಅಕ್ಕ,

ಮೊದಲು ಆ ಫೋಟೋ ತೆಗೆದುಹಾಕು. ನಿನ್ನ ಪೇಜು ನೋಡಿದವರು ಇಲ್ಲಿ ಆಡುತ್ತಿರುವ ಮಾತು ಕೇಳು: "ಅಕ್ಕ-ತಮ್ಮ ಇಬ್ಬರೂ ಸೇರ್ಯಾರ. ಅಸಲನ್ನ ಮುಚ್ಚಾಕ ಆಕಿ ಬುಟ್ಟಿಗಟ್ಲೆ ನಕಲಿ ಮಾಡಾಕತ್ಯಾಳ."

ಶ್ರೀರಾಮುಲು ಬಂದಿದ್ದ. ಹೆಸರು ಕೇಳಿರಬೇಕು ನೀನು, ಹೊಲದಲ್ಲಿ ಸಿಕ್ಕ ಕಲ್ಲುಗಳನ್ನು ಗುಟ್ಟಾಗಿ ಕೊಳ್ಳುವ ದಲ್ಲಾಳಿ. ಬಿಳಿ ಅಂಗಿ, ತೆಲುಗು ಬೆರೆತ ಬಹಳ ಮರ್ಯಾದಸ್ಥ ಮಾತು. ಹೊರಗೆ ಇಬ್ಬರು ಬೈಕಿನ ಮೇಲೆ ಕೂತೇ ಇದ್ದರು, ಇಳಿಯಲಿಲ್ಲ.

"ವಾಗೀಶಪ್ಪಾ, ರಾಯಿ ಒಂದ್ಸಲ ತೋರಿಸ್ರಿ. ಚೂಸಿ ಇಚ್ಚೇಸ್ತಾ, ನೋಡಿ ತಿರುಗಿ ಕೊಡ್ತೀನಿ. ಕಲ್ಲು ನಿಮ್ದ, ರೇಟು ನಮ್ದ."

"ಅಣ್ಣಾ, ಅದು ಮಣ್ಣು."

"ಮಣ್ಣಾಗನ ಸಿಗೋದಲ್ಲೇನಪ್ಪಾ" ಎಂದು ನಕ್ಕ. ಆಮೇಲೆ ಅಶ್ವಿನಿ ಕೊಟ್ಟ ಚಹಾ ಕುಡಿದು, ಲೋಟ ಕೆಳಗಿಟ್ಟು, "ತಂಗೆಮ್ಮ ಒಬ್ಬಾಕೀನ ನೀರಿಗೆ ಹೋಗ್ತಾರಲ್ಲ, ರಸ್ತೆ ಚೆಂದಿಲ್ಲ" ಎಂದ. ಅಷ್ಟೇ. ಗಟ್ಟಿಯಾಗಿ ಒಂದು ಮಾತೂ ಆಡಲಿಲ್ಲ.

ಅಶ್ವಿನಿಯನ್ನು ಚಿಪ್ಪಗಿರಿಗೆ, ಅವಳ ತವರಿಗೆ ಕಳಿಸಿದ್ದೇನೆ. ಸೋಮವಾರ ಅಂಗಡಿ ತೆರೆದಾಗ ಹಿಂದಿನ ಬಾಗಿಲ ಚಿಲಕ ಕಿತ್ತಿತ್ತು. ರಿಪೇರಿಗೆ ಬಂದ ಮೋಟರುಗಳ ಹೊಟ್ಟೆ ಬಗೆದು ತಂತಿಯನ್ನೆಲ್ಲ ಎಳೆದು ಹಾಕಿದ್ದರು. ಒಂದು ತುಂಡು ತಾಮ್ರವನ್ನೂ ಒಯ್ದಿಲ್ಲ. ಕಳ್ಳರಾಗಿದ್ದರೆ ಒಯ್ಯುತ್ತಿದ್ದರು. ಅದಕ್ಕೇ ಭಯವಾಗುತ್ತಿದೆ.

ವಾಗೀಶ್

---

ಆದೋನಿ
21 ಜೂನ್ 2024

ವಾಗೀಶ,

ಫೋಟೋ ತೆಗೆದಿದ್ದೇನೆ. ತೆಗೆದ ಕೂಡಲೇ ಮೂರು ಜನ ಯಾಕೆ ತೆಗೆದಿರಿ ಎಂದು ಕೇಳಿದರು. ಹಾಕಿದ್ದೂ ತಪ್ಪಾಯಿತು, ತೆಗೆದದ್ದೂ ತಪ್ಪಾಯಿತು.

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಯಾರು ಬಂದರು, ಏನಂದರು, ಯಾವ ಅಂಗಿ ತೊಟ್ಟಿದ್ದರು, ಎಲ್ಲ ಬರೆದಿದ್ದೀಯ. ಸೂಜಿಯ ಮಾತಿಗೆ ಉತ್ತರವಿಲ್ಲ. ನಾನು ಲೆಕ್ಕ ಬರೆಯುವವಳು, ಖಾಲಿ ಬಿಟ್ಟ ಜಾಗವೇ ನನಗೆ ಮೊದಲು ಕಾಣುವುದು. ಮನೆಯೊಳಗೆ ಕಲ್ಲಿದ್ದರೆ ಆ ದಲ್ಲಾಳಿ ಚಹಾ ಕುಡಿಯುವುದರೊಳಗೆ ಸೂಜಿ ಕಾಯಿಸಿ ತೋರಿಸಬಹುದಿತ್ತು. ತೋರಿಸಲಿಲ್ಲ. ನಿನಗೆ ಚಿಕ್ಕಂದಿನಿಂದಲೂ ಈ ಗುಣ ಇದೆ, ಹೆದರಿದಾಗ ಸುತ್ತಲಿನದನ್ನೆಲ್ಲ ಹೇಳಿ ನಡುವಿನದನ್ನು ನುಂಗುತ್ತೀಯ.

ಕಲ್ಲು ಎಲ್ಲಿದೆ?

ಅಕ್ಕ

---

ಪತ್ತಿಕೊಂಡ
22 ಜೂನ್ 2024

ಅಕ್ಕ,

ಎಸೆದೆ.

ಫೋಟೋ ಹಬ್ಬಿದ ದಿನ ಸಂಜೆಯೇ ಎಸೆದೆ. ಕೈಯಲ್ಲಿ ಇಲ್ಲದಿದ್ದರೆ ಕೇಳುವುದನ್ನು ಬಿಡುತ್ತಾರೆ ಎಂದುಕೊಂಡೆ. ಗಾದಿಲಿಂಗಪ್ಪನ ಹೊಲದಲ್ಲಿ ಹಾಳುಬಿದ್ದ ಬಾವಿ ಇದೆ, ಅದಕ್ಕೆ ಹಾಕಿದೆ. ಅದರೊಳಗೆ ಯಾರೂ ಇಳಿಯುವುದಿಲ್ಲ. ಮೆಟ್ಟಿಲು ಕುಸಿದಿವೆ, ತಳದಲ್ಲಿ ಕೆಸರಿದೆ, ಒಳಗಿನ ಗಾಳಿ ಕೆಟ್ಟದ್ದು. ಹೋದ ಬೇಸಿಗೆಯಲ್ಲಿ ಬಿದ್ದ ಕುರಿಯನ್ನು ತೆಗೆಯಲು ಇಳಿದ ಅಂಜಿನಪ್ಪನನ್ನು ಹೆಣವಾಗಿ ಮೇಲೆ ಎಳೆದರು. ಹಾಗಾಗಿಯೇ ಆ ಬಾವಿ ಆರಿಸಿದ್ದು. ಯಾರಿಗೂ ಹೇಳಿಲ್ಲ.

ಈಗ ಶ್ರೀರಾಮುಲು ಸೋಮವಾರ, ಜುಲೈ ಒಂದರಂದು ಬರುತ್ತೇನೆಂದು ಹೇಳಿ ಕಳಿಸಿದ್ದಾನೆ. "ಫೋಟೋದಾಗಿನ ಕಲ್ಲು ಮುಂದ ಇಡು. ಮಣ್ಣಾದ್ರ ಮಣ್ಣು, ಕಾಲಿಗೆ ಬಿದ್ದು ಹೋಗ್ತೀವಿ. ಇಡಲಿಲ್ಲಂದ್ರ ಮಾರಿಕೊಂಡಿ ಅಂತ ತಿಳೀತೀವಿ." ನಿನ್ನ ಹತ್ತಿರ ಇರುವ ಬೇರೆ ಕಲ್ಲು ಕಳಿಸಬೇಡ. ಅವರೆಲ್ಲರ ಫೋನಿನಲ್ಲೂ ಆ ಫೋಟೋ ಇದೆ. ಒಂದು ಎಳೆ ಆಚೀಚೆ ಆದರೂ ನಕಲಿ ತೋರಿಸಿ ಅಸಲು ಮುಚ್ಚಿಟ್ಟ ಎನ್ನುತ್ತಾರೆ. ಓಡಿಹೋಗೋಣವೆಂದರೆ ಅದೂ ಸಾಕ್ಷಿಯಾಗುತ್ತದೆ.

ವಾಗೀಶ್

---

ಆದೋನಿ
28 ಜೂನ್ 2024

ತಮ್ಮಾ,

ಈ ಪತ್ರದ ಜೊತೆ ಹತ್ತಿಯಲ್ಲಿ ಸುತ್ತಿದ ಕಲ್ಲಿದೆ. ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡು, ಆಮೇಲೆ ಓದು.

ನೋಡಿದೆಯಾ? ಅದೇ ಕಮರಿದ ಅಂಚು, ಒಳಗೆ ಅದೇ ಬಿಳಿ ಎಳೆ.

ಮೊದಲನೆಯದು ಕೈತಪ್ಪಿ ಆದದ್ದು. ಕೈತಪ್ಪಿ ಆದದ್ದನ್ನು ಬೇಕೆಂದೇ ಮಾಡುವುದು ಎಷ್ಟು ಕಷ್ಟ ಎಂದು ಈ ವಾರ ಕಲಿತೆ. ಪಾರದರ್ಶಕ ಕ್ಲೇ ನಾದುವುದು, ಹಾಲಿನ ಬಣ್ಣದ್ದನ್ನು ಕೂದಲಿನಷ್ಟು ತೆಳ್ಳಗೆ ಎಳೆದು ಒಳಗೆ ಮಲಗಿಸುವುದು, ಬೇಯಿಸುವುದು, ತಣ್ಣೀರಿಗೆ ಹಾಕುವುದು, ಉಪ್ಪುಕಾಗದದಲ್ಲಿ ಉಜ್ಜುವುದು. ಫೋಟೋದ ಪಕ್ಕ ಇಟ್ಟರೆ ಎಳೆ ಒಂಚೂರು ಎಡಕ್ಕೆ. ಎಸೆ, ಮತ್ತೆ ನಾದು. ನಕಲಿ ಮಾಡಿ ಬದುಕಿದವಳು ನಾನು. ಆದರೆ ನನ್ನದೇ ನಕಲಿಯ ನಕಲಿ ಮಾಡಿ ಸತ್ಯವನ್ನು ನಂಬಿಸುವ ಕೆಲಸ ಬರುತ್ತದೆಂದು ಯಾವ ಶಾಸ್ತ್ರ ಹೇಳುವವನೂ ಹೇಳಿರಲಿಲ್ಲ. ಮೊದಲ ಸಲದಂತೆ ಈ ಸಲವೂ, ಹೋದ ವರ್ಷ ನೀನು ಹೊಲದ ದಾರಿಯಲ್ಲಿ ಆರಿಸಿ ತಂದುಕೊಟ್ಟ ಬೆಣಚುಕಲ್ಲನ್ನು ಎದುರಿಗಿಟ್ಟುಕೊಂಡೆ. ಆ ಮಂಕು ಹೊಳಪು ನೋಡದೆ ಕೈಗೆ ಬರುವುದಿಲ್ಲ.

ಈಗ ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಮಾಡು. ಆತುರಪಟ್ಟು ಸೂಜಿ ಹಿಡಿಯಬೇಡ. ಕಲ್ಲನ್ನು ಅವರ ಕೈಗೆ ಕೊಡು. ಫೋಟೋ ಪಕ್ಕಕ್ಕೆ ಹಿಡಿದು ಅವರೇ ನೋಡಲಿ. ಇದೇ ಕಲ್ಲು ಎಂದು ಅವರ ಬಾಯಿಂದ ಮಾತು ಬರಲಿ. ಬಂದ ಮೇಲೆ ಸೂಜಿ ಕಾಯಿಸು. ಆ ಸೂಜಿಯನ್ನೂ ಅವರ ಕೈಗೇ ಕೊಡು.

ಮುಗಿದ ಕೂಡಲೇ ಬರೆ.

ಅಕ್ಕ

---

ಪತ್ತಿಕೊಂಡ
2 ಜುಲೈ 2024

ಅಕ್ಕ,

ನೀನು ಹೇಳಿದಂತೆಯೇ ಆಯಿತು.

ಶ್ರೀರಾಮುಲು ಕಲ್ಲನ್ನು ಫೋನಿನ ಪಕ್ಕ ಹಿಡಿದು ಬಹಳ ಹೊತ್ತು ತಿರುಗಿಸಿದ. "ಇದೇ" ಎಂದ. ಜೊತೆಯವರೂ ಒಪ್ಪಿದರು. ಆಮೇಲೆ ನಾನು ಕಾಯಿಸಿದ ಸೂಜಿ ಕೊಟ್ಟೆ. ಚುಚ್ಚಿದ. ಹೊಗೆ ಬಂತು, ವಾಸನೆ ಬಂತು. ಒಬ್ಬ ಬ್ಲೇಡಿನಿಂದ ಸೀಳಿ ಎರಡು ಹೋಳು ಮಾಡಿದ. "ಥೂ, ಇದಕ್ಕ ತಿಂಗಳಿಂದ ಪೆಟ್ರೋಲ್ ಸುಟ್ವೇನೋ!" ಎಂದು ನನ್ನ ತಲೆಗೊಂದು ಏಟು ಹಾಕಿದ. ಶ್ರೀರಾಮುಲು ಮಾತ್ರ ನಗುತ್ತ, "ನಿಮ್ಮಕ್ಕನ ಕೈಗೆ ಬಂಗಾರದ ಬಳೆ ಹಾಕ್ಬೇಕಪ್ಪಾ" ಎಂದ. ಹೋದರು. ಇನ್ನು ಅವರು ಬರುವುದಿಲ್ಲ.

ಅವರು ಹೋದ ಮೇಲೆ ಆ ಹೋಳುಗಳನ್ನು ಕೈಯಲ್ಲಿ ಹಿಡಿದು ಕೂತೆ. ಅಕ್ಕ, ಇದು ಬಹಳ ಹಗುರ.

ನಾನು ಬಾವಿಗೆ ಎಸೆದದ್ದು ಇಷ್ಟು ಹಗುರವಿರಲಿಲ್ಲ. ಅಂಗೈಯಲ್ಲಿ ತಣ್ಣಗೆ ಕೂತದ್ದು ನನಗೆ ನೆನಪಿದೆ. ಆಗ ಗಮನ ಕೊಟ್ಟಿರಲಿಲ್ಲ. ನೀನೇ ಬರೆದಿದ್ದೀಯ, ನಾನು ಕೊಟ್ಟ ಬೆಣಚುಕಲ್ಲನ್ನು ಎದುರಿಗಿಟ್ಟುಕೊಂಡು ಮಾಡಿದೆ ಎಂದು. ಎರಡೂ ಒಂದೇ ಮೇಜಿನ ಮೇಲಿದ್ದವು. ಅದಲುಬದಲಾಗಿ ನೀನು ನನಗೆ ನನ್ನ ಕಲ್ಲನ್ನೇ ಕಳಿಸಿದ್ದರೆ? ಅದು ಬೆಣಚುಕಲ್ಲು ಎಂದು ಯಾರು ಹೇಳಿದ್ದು? ನಾನೂ ನೀನೂ. ನಮಗೇನು ಗೊತ್ತು? ಇಷ್ಟು ಜನ, ಕಣ್ಣು ಪಳಗಿದವರು, ಬರೀ ಫೋಟೋ ನೋಡಿ ಒಂದು ತಿಂಗಳು ನನ್ನ ಬೆನ್ನು ಬಿದ್ದರು. ಇಷ್ಟು ಜನ ಸುಳ್ಳಿಗೆ ಬೆನ್ನು ಬೀಳುತ್ತಾರೆಯೇ?

ಇಲ್ಲ, ಅದು ಕ್ಲೇ ಎಂದೇ ನೀನು ಬರೆಯುತ್ತೀಯ. ಹಾಗೆ ಬರೆದರೆ ನಾನು ಏನೆಂದು ತಿಳಿಯಬೇಕು ಹೇಳು. ಸಿಕ್ಕವರೆಲ್ಲ ಹಾಗೆಯೇ ಹೇಳುತ್ತಾರೆ.

ಗುರುವಾರ ಇಳಿಯುತ್ತೇನೆ. ಮೋಟರ್ ಇಳಿಸಲು ಎಷ್ಟೋ ಬಾವಿಗೆ ಇಳಿದವನು ನಾನು, ಹೆದರಬೇಡ. ಗಾದಿಲಿಂಗಪ್ಪ ಹಗ್ಗ ಹಿಡಿಯುತ್ತಾನೆ.

ವಾಗೀಶ್

---

ಆದೋನಿ
6 ಜುಲೈ 2024

ಅಶ್ವಿನಿ,

ಚಿಪ್ಪಗಿರಿಯಲ್ಲಿ ಕೂತು ನೀನು ನನ್ನ ಬಗ್ಗೆ ಏನೇನು ಕೇಳಿದ್ದೀಯೋ. ನಿನ್ನ ಗಂಡ ಬದುಕಿದ್ದಾನೆ. ಅದನ್ನು ಮೊದಲು ಓದಿಕೋ, ಉಳಿದದ್ದು ಆಮೇಲೆ.

ಅವನ ಪತ್ರ ನನಗೆ ತಲುಪಿದ್ದೇ ಗುರುವಾರ ಬೆಳಿಗ್ಗೆ. ಫೋನ್ ಹಚ್ಚಿದರೆ ಸ್ವಿಚ್ ಆಫ್. ಮಾರೆಣ್ಣನ ಟೆಂಪೊ ಹತ್ತಿ ಕೂತೆ. ಹೊಲ ಮುಟ್ಟುವ ಹೊತ್ತಿಗೆ ಬಾವಿಯ ದಂಡೆಯಲ್ಲಿ ಗಾದಿಲಿಂಗಪ್ಪ ಒಬ್ಬನೇ ಇದ್ದ.

"ಇಳಿಬ್ಯಾಡ ಅಂದ್ನಿ ಅಕ್ಕಾರ, ಕೇಳಲಿಲ್ಲ. ಸಿಕ್ರ ನಿನಗೂ ಪಾಲು ಅಂದಾನ."

"ಎಳೀರಿ ಮ್ಯಾಲಕ!"

ಎಳೆದ. ಹಗ್ಗ ಖಾಲಿ ಬಂತು. ಮೂಲೆಯ ಕೆಸರು ಕೆದಕಲು ಕೈಗೆಟುಕುತ್ತಿಲ್ಲ ಎಂದು ಅವನು ಸೊಂಟದ ಗಂಟು ಬಿಚ್ಚಿಬಿಟ್ಟಿದ್ದ. ಮತ್ತೆ ಅವನೇ ಕಟ್ಟಿಕೊಳ್ಳದ ಹೊರತು ಅವನನ್ನು ಮೇಲೆ ತರುವ ದಾರಿ ಇರಲಿಲ್ಲ. ಹಗ್ಗವನ್ನು ಮತ್ತೆ ಬಿಟ್ಟೆವು.

ಬಗ್ಗಿ ಕೂಗಿದೆ. "ವಾಗೀಶ, ಹಗ್ಗ ಕಟ್ಕೋ. ಅದು ಕ್ಲೇ. ನನ್ನ ಕೈಯಾರೆ ನಾದೀನಿ."

"ನೀ ಹಂಗ ಅಂತೀ ಅಂತ... ಗೊತ್ತಿತ್ತು." ಮಾತು ಎಳೆಯುತ್ತಿತ್ತು, ಕುಡಿದವನ ಹಾಗೆ.

"ಅಮ್ಮನ ಆಣೆ."

"ಆಣೆ... ಎಲ್ಲಾರೂ ಇಡ್ತಾರ." ಆಮೇಲೆ ಕೆಸರಿನಲ್ಲಿ ಕೈಯಾಡಿಸುವ ಸದ್ದು, ಅದೂ ನಿಧಾನವಾಗುತ್ತ ಬಂತು. ಗಾದಿಲಿಂಗಪ್ಪ ನನ್ನ ಮುಖ ನೋಡಿದ. ಅಂಜಿನಪ್ಪನೂ ಹೀಗೇ, ಮೊದಲು ಮಾತು ನಿಧಾನ ಆತು, ಎಂದ.

ಅಶ್ವಿನಿ, ನಾನು ಮಾರಿ ಬದುಕಿದವಳು. ಎದುರಿನವನು ಏನನ್ನು ಕೊಳ್ಳಲು ಬಂದಿದ್ದಾನೋ ಅದನ್ನೇ ಮಾರಬೇಕು. ನನ್ನ ತಮ್ಮ ಸತ್ಯ ಕೊಳ್ಳಲು ಬಂದಿರಲಿಲ್ಲ.

"ಹುಡುಕಬ್ಯಾಡೋ ಹುಚ್ಚಾ!" ಎಂದು ನಕ್ಕೆ. ಹೇಗೆ ನಗು ಬಂತೋ. "ಅಲ್ಲಿಲ್ಲ ಅದು. ನೀ ಕೊಟ್ಟ ಕಲ್ಲು ವಜ್ರ ಅಂತ ನನಗ ಹ್ವಾದ ವರ್ಷನ ಗೊತ್ತಾಗಿತ್ತು. ನಾನ ಇಟಗೊಂಡೀನಿ. ನಿನಗ ಕಳಿಸಿದ್ದು ಕ್ಲೇ. ನನ್ನ ಪೆಟ್ಟಿಗ್ಯಾಗ ಐತಿ ನಿನ್ನ ವಜ್ರ!"

ಒಳಗೆ ಸದ್ದೇ ಇಲ್ಲ. ಎಲ್ಲ ಮುಗಿಯಿತು ಎಂದುಕೊಂಡೆ. ಆಮೇಲೆ ತಳದಿಂದ ಒಂದು ಮಾತು ಬಂತು: "ಏ ಕಳ್ಳಿ." ಎತ್ತಿ ಆಡಿಸಿದ ತಮ್ಮನ ಬಾಯಿಂದ ಆ ಮಾತು ಕೇಳಿ ಇಷ್ಟು ಸಂತೋಷವಾಗುತ್ತದೆಂದು ಯಾರಿಗೆ ಗೊತ್ತಿತ್ತು? ಹಗ್ಗ ಅಲುಗಿತು, ಬಿಗಿಯಾಯಿತು. ಎಳೆದೆವು.

ತುಟಿ ನೀಲಿಗಟ್ಟಿತ್ತು. ಬೇವಿನ ಮರದ ಬುಡದಲ್ಲಿ ವಾಂತಿ ಮಾಡಿಕೊಂಡು, ಉಸಿರು ಬಂದ ಮೇಲೆ ಅಂದ ಮೊದಲ ಮಾತು, "ನನ್ನ ಕಲ್ಲು ಕೊಡು." ಸುಳ್ಳು ಹೇಳಿದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಕಣ್ಣು ಬಾವಿಯ ಕಡೆ ಹೊರಳಿತು. "ಕೊಡಂಗಿಲ್ಲ" ಎಂದೆ.

ಅಲ್ಲಿಯವರೆಗೆ ಹಗ್ಗದ ಮೇಲಿದ್ದ ಗಾದಿಲಿಂಗಪ್ಪನ ದೃಷ್ಟಿ ಆಗ ನನ್ನ ಕೈಚೀಲದ ಮೇಲಿತ್ತು.

ಮಾತು ನನಗಿಂತ ಮೊದಲೇ ಆದೋನಿ ಸೇರಿದೆ. ನಿನ್ನೆ ಶ್ರೀರಾಮುಲು ಬಂದು, ಚಪ್ಪಲಿ ಹೊರಗೆ ಬಿಟ್ಟು, ನಮಸ್ಕಾರ ಮಾಡಿ ಕೂತ. ನಾನಾಗಿಯೇ ಬೆಣಚುಕಲ್ಲನ್ನು ಅವನ ಮುಂದಿಟ್ಟೆ. ಬೆಳಕಿಗೆ ಹಿಡಿದು ನೋಡಿ, ಮರ್ಯಾದೆಯಿಂದ ವಾಪಸ್ ಕೊಟ್ಟ. "ಇದು ಬೆಣಚುಕಲ್ಲಮ್ಮಾ. ನಿಮ್ಮ ಕೈಯ ಕೆಲಸ ನಾವು ನೋಡೀವಿ. ಅಸಲುದಿ ತೋರಿಸ್ರಿ, ಅವಸರ ಏಮೀ ಲೇದು." ಅವಸರವಿಲ್ಲ ಎಂದನಲ್ಲ, ಅದೇ ನನ್ನ ನಿದ್ದೆ ಕೆಡಿಸಿದೆ. ಈಗ ಕಿಟಕಿ ಹಾಕಿಕೊಂಡು ಕೆಲಸ ಮಾಡುತ್ತೇನೆ. ಓವನ್ನಿನ ಹೊಗೆಗೆ ಕಣ್ಣುರಿ. ಯಾರು ಬಾಗಿಲು ಬಡಿದರೂ ಗಿರಾಕಿ ಎಂದು ಮನಸ್ಸು ಒಪ್ಪುವುದಿಲ್ಲ.

ನಿನ್ನಿಂದ ಒಂದೇ ಕೆಲಸ ಆಗಬೇಕು. ವಾಗೀಶ ನಿನ್ನ ಮುಂದೆ ನನ್ನನ್ನು ಬೈದಾಗ, ನಮ್ಮ ಅತ್ತಿಗೆ ಅಂಥವರಲ್ಲ ಎನ್ನಬೇಡ. ನೀನೂ ಬೈ. ನಾನು ಕಳ್ಳಿ ಎಂದು ಅವನು ನಂಬಿರುವವರೆಗೆ ಮಾತ್ರ ಆ ಬಾವಿ ಖಾಲಿ ಇರುತ್ತದೆ. ಈ ಪತ್ರ ಓದಿ ಒಲೆಗೆ ಹಾಕು.

ಶೋಭಾರಾಣಿ

---

ಆದೋನಿ
8 ಜುಲೈ 2024

ವಾಗೀಶ,

ನೀನು ಕಳಿಸಿದ ಬೈಗುಳ ಮಾರೆಣ್ಣ ಬಾಯಲ್ಲೇ ಹೇಳಿದ. ಅರ್ಧ ನುಂಗಿಕೊಂಡು ಹೇಳಿದ, ಪಾಪ.

ಹೌದು, ಕಲ್ಲು ನನ್ನ ಹತ್ತಿರವೇ ಇದೆ. ಬಾವಿಯಲ್ಲಿ ಕೆಸರು ಬಿಟ್ಟು ಇನ್ನೇನೂ ಇಲ್ಲ. ಕೊಡುವುದಿಲ್ಲ, ಅರ್ಧವನ್ನೂ ಕೊಡುವುದಿಲ್ಲ. ಪಂಚಾಯ್ತಿ ಸೇರಿಸಿದರೂ ಇದನ್ನೇ ಹೇಳುತ್ತೇನೆ.

ಯಾರಾದರೂ ಬಂದು ನಿನ್ನನ್ನು ಕೇಳಿದರೆ ಒದ್ದಾಡಬೇಡ. ವಜ್ರ ನನ್ನದಾಗಿತ್ತು, ನಮ್ಮಕ್ಕ ಕದ್ದಳು ಎನ್ನು. ನನ್ನ ಮನೆಯ ವಿಳಾಸ ಸರಿಯಾಗಿ ಕೊಡು.

ಅಶ್ವಿನಿಯನ್ನು ಮನೆಗೆ ಕರೆದುಕೊಂಡು ಬಾ. ಅಂಗಡಿ ತೆರೆ.

ಶೋಭಾರಾಣಿ